ನಾನೂರ ನಾಲ್ಕು ದಿನದ ಬಿಕ್ಕಳಿಕೆ

ನಮ್ಮೂರಲ್ಲಿ ಹೆಣ್ಣು ನೋಡೋಕೆ ಗಂಡಿನ ಕಡೆಯೋರು ಬಂದ್ರೆ ಮೊದಲು ಕೇಳೋದು ಜಾತಕ ಅಲ್ಲ, ಗೋತ್ರನೂ ಅಲ್ಲ. ಕಾಫಿ ಲೋಟ ಕೆಳಗಿಟ್ಟು, ಗಂಟಲು ಸರಿಮಾಡ್ಕೊಂಡು, "ಹುಡುಗಿ ಈಗ ಯಾವ್ದಾದ್ರೂ ಪುಸ್ತಕದ ಮಧ್ಯದಲ್ಲಿದಾಳಾ?" ಅಂತ ಕೇಳ್ತಾರೆ. ಇದಾಳೆ ಅಂದ್ರೆ ಇನ್ನೆಷ್ಟು ಪುಟ ಉಳಿದಿದೆ ಅಂತ ನೋಡ್ಕೊಂಡು ಮುಹೂರ್ತ ಇಡ್ತಾರೆ. ಯಾಕಂದ್ರೆ ನಮ್ಮೂರಲ್ಲಿ ಕಥೆ ಪುಸ್ತಕ ಅರ್ಧಕ್ಕೆ ಬಿಟ್ರೆ ಬಿಕ್ಕಳಿಕೆ ಬರುತ್ತೆ. ಒಂದು ದಿನ ಪುಸ್ತಕ ತೆಗೀಲಿಲ್ಲ ಅಂದ್ರೆ ಸಾಕು, ಮಾರನೇ ಬೆಳಗ್ಗೆ ಹಲ್ಲುಜ್ಜೋವಾಗ ಶುರು. ಎಷ್ಟು ಪುಟ ಓದಿದ್ರೋ ಅಷ್ಟು ದಿನ. ಪುಸ್ತಕ ಮುಗಿಸಿದ್ರೆ ತಟ್ಟಂತ ನಿಲ್ಲುತ್ತೆ. ಯಾವ್ದಾದ್ರೂ ಪುಸ್ತಕ ಓದ್ತಾ ಇರೋವಷ್ಟು ಹೊತ್ತೂ ಸುಮ್ನಿರುತ್ತೆ, ಮುಚ್ಚಿದ್ರೆ ಮತ್ತೆ ಹಿಕ್. ಉಳಿದ ಕಥೆನ ಬೇರೆಯೋರ ಬಾಯಲ್ಲಿ ಕೇಳಿ ಮುಗಿಸ್ತೀನಿ ಅಂದ್ರೆ ಆಗಲ್ಲ, ಕಣ್ಣಲ್ಲೇ ಓದ್ಬೇಕು. ಬೇರೆ ಊರಲ್ಲಿ ಬಿಕ್ಕಳಿಸಿದ್ರೆ "ಯಾರೋ ನೆನೆಸ್ಕೊಂಡ್ರು" ಅಂತಾರಂತೆ. ನಮ್ಮಲ್ಲಿ "ಯಾವ ಪುಸ್ತಕ ನೆನೆಸ್ಕೊಳ್ತಿದೆ?" ಅಂತಾರೆ.

ಇದಕ್ಕೆ ಊರು ಒಗ್ಗಿಕೊಂಡಿದೆ. ದಪ್ಪ ಕಾದಂಬರಿ ಎರವಲು ಕೊಡೋದು ಬೇಸಿಗೆ ರಜಕ್ಕೆ ಮಾತ್ರ, ಅದೂ ಮನೆಯೋರೆಲ್ಲ ಒಪ್ಪಿ ಸಹಿ ಹಾಕಿದ್ರೆ. ಬಸುರಿ ಹೆಂಗಸರಿಗೆ ಸಣ್ಣ ಕಥೆ. ದೆವ್ವದ ಕಥೆ ಓದೋರು ಪಕ್ಕದ ಮನೆಯೋರಿಗೆ ಹೇಳಿ ಶುರುಮಾಡ್ಬೇಕು, ಹೆದರಿ ಅರ್ಧಕ್ಕೆ ಎಸೆದ್ರೆ ಅವ್ರು ಬಂದು ಕೈ ಹಿಡ್ಕೊಂಡು ಕೂತು ಉಳಿದಿದ್ದು ಓದಿಸ್ಬೇಕು. ಪತ್ತೇದಾರಿ ಕಾದಂಬರಿನ ಯಾರೂ ಅರ್ಧಕ್ಕೆ ಬಿಡಲ್ಲ, ಆದ್ರೆ ಅದನ್ನ ಓದೋ ದಿನ ಮನೇಲಿ ಅನ್ನ ತಳ ಹಿಡಿಯುತ್ತೆ. ಇನ್ನು ಮಕ್ಕಳ ಪುಸ್ತಕ ಅಂದ್ರೆ ನಮ್ಮೂರಿಗೆ ಅಮೃತಾಂಜನ ಇದ್ದಂಗೆ. ಹದಿನಾರು ಪುಟ, ಒಂದು ಆನೆ, ಒಂದು ಇರುವೆ, ಕೂತಲ್ಲೇ ಮುಗಿಯುತ್ತೆ. ಕಿರಾಣಿ ಅಂಗಡಿಯೋರು, ಡಾಕ್ಟ್ರು, ಪೊಲೀಸ್ನೋರು, ಎಲ್ಲರ ಮೇಜಿನ ಮೇಲೂ ಒಂದಿರುತ್ತೆ. ಮನಸ್ಸು ಕೆಟ್ಟಾಗ ತೆಗೀತಾರೆ, ಓದ್ತಾರೆ, ಮುಚ್ಚಿಡ್ತಾರೆ.

ನಾನು ಮಾತ್ರ ಇದಕ್ಕೆಲ್ಲ ಕೈ ಹಾಕಿರ್ಲಿಲ್ಲ. ನನ್ನ ಹೆಸರು ನೀಲವೇಣಿ. ಊರಲ್ಲಿರೋ ಒಂದೇ ಒಂದು ಟಾಕೀಸಿನ ಕ್ಯಾಂಟೀನು ನಮ್ಮಪ್ಪ ದಾಸಪ್ಪಂದು. ನಾನು ಹುಟ್ಟಿದ್ದು ಮ್ಯಾಟಿನಿಗೆ, ನನ್ನ ಮೊದಲ ಮಾತು "ಅಪ್ಪ" ಅಲ್ಲವಂತೆ, "ಎಲ್ಲಿ ಅವನು?" ಅಂತೆ. ಇಪ್ಪತ್ತು ವರ್ಷದಿಂದ ಪರದೆ ಹಿಂದೆ ಕಡಲೆಕಾಯಿ ಹುರೀತಾ ಡೈಲಾಗ್ ಕೇಳಿ ಕೇಳಿ, ಯಾರಾದ್ರೂ ಟೈಮ್ ಎಷ್ಟು ಅಂದ್ರೂ "ಟೈಮ್ ನೋಡೋನು ಗೆಲ್ಲಲ್ಲ, ಟೈಮ್ ಬರೋವರೆಗೆ ಕಾಯೋನು ಗೆಲ್ತಾನೆ" ಅಂತಿದ್ದೆ. ಅಪ್ಪ "ಹನ್ನೊಂದೂಕಾಲು ಅನ್ನೋಕೆ ಏನು ರೋಗ ನಿಂಗೆ?" ಅಂತಿದ್ರು. ಪುಸ್ತಕ ಯಾಕೆ ಓದಲ್ಲ ಅಂದ್ರೆ, "ಎರಡೂವರೆ ಗಂಟೇಲಿ ಮುಗಿಯೋ ಕಥೆಗೆ ಎರಡು ವಾರ ಯಾರು ಬಿಕ್ಕಳಿಸ್ತಾರೆ?" ಅನ್ನೋದು ನನ್ನ ವಾದ. ಅದರ ಬದಲು ಓದೋರನ್ನ ಗೋಳು ಹೊಯ್ಕೊಳ್ತಿದ್ದೆ. ಪುಸ್ತಕದ ಗುರುತಿನ ದಾರ ಹತ್ತು ಪುಟ ಹಿಂದೆ ಇಡೋದು, ದೆವ್ವದ ಕಥೆಯೋರ ಕಿಟಕಿ ಹತ್ರ ಗೆಜ್ಜೆ ಅಲ್ಲಾಡ್ಸೋದು. ಸಣ್ಣಪುಟ್ಟ ಕೈಚಳಕ.

ದೊಡ್ಡ ಕೈಚಳಕಕ್ಕೆ ಕಾರಣ ವೆಂಕಟಾಚಲ ಮೇಷ್ಟ್ರು. ರಿಟೈರಾದ ಕನ್ನಡ ಮೇಷ್ಟ್ರು, ಬಾಯಿ ಮಾತ್ರ ರಿಟೈರಾಗಿರ್ಲಿಲ್ಲ. ಒಂದಿನ ಲೈಬ್ರರಿ ಜಗಲಿ ಮೇಲೆ ಎಲ್ಲರೆದುರು ಹೇಳಿದ್ರು, "ಮಕ್ಕಳ ಪುಸ್ತಕ ಅಂದ್ರೆ ಹಲ್ಲು ಬರದೋರ ಗಂಜಿ. ಸಿನಿಮಾ ಅಂದ್ರೆ ಇರೋ ಹಲ್ಲೂ ಹಾಳುಮಾಡೋ ಬೊಂಬಾಯಿ ಮಿಠಾಯಿ. ಗಟ್ಟಿ ಕಾದಂಬರಿ ಓದೋನೇ ಓದುಗ." ನಾನು ಅಲ್ಲೇ ಕಡಲೆಕಾಯಿ ಬುಟ್ಟಿ ಹಿಡ್ಕೊಂಡು ನಿಂತಿದ್ದೆ. ನನ್ನ ತಲೇಲಿ ಡ್ರಮ್ಮು ಬಾರಿಸ್ತು. ಇಂಟರ್ವಲ್‌ಗೆ ಮುಂಚೆ ಅವಮಾನ, ಇಂಟರ್ವಲ್ ಆದ್ಮೇಲೆ ಸೇಡು. ಇದು ರೂಲ್ಸು.

ಮೇಷ್ಟ್ರು ಸರದಿಗೆ ಹೆಸರು ಬರೆಸಿದ್ದಿದ್ದು "ಗೌರಕ್ಕನ ದೋಣಿ" ಅನ್ನೋ ಕಾದಂಬರಿಗೆ. ನಾನೂರ ಹನ್ನೆರಡು ಪುಟ. ಊರಲ್ಲಿ ಇದ್ದಿದ್ದು ಒಂದೇ ಕಾಪಿ. ಅದರ ದಪ್ಪಕ್ಕೆ ಹೆದರಿ ಅಲ್ಲಿಯವರೆಗೆ ಮೂರೇ ಜನ ಓದಿದ್ರು. ಸೋಮವಾರ ಅದು ಮೇಷ್ಟ್ರ ಕೈಗೆ ಹೋಗ್ಬೇಕಿತ್ತು. ಶನಿವಾರ ನಾನು ಚೆಲುವಣ್ಣನ ಸಲೂನಿಗೆ ಹೋಗಿ, "ಅಣ್ಣಾ, ಒಂದು ಬ್ಲೇಡ್ ಕೊಡಿ, ಕ್ಯಾಂಟೀನಲ್ಲಿ ಹುರಿ ಕತ್ತರಿಸ್ಬೇಕು" ಅಂದೆ. ಅವ್ರು ಹೊಸದನ್ನೇ ಕಾಗದ ಸಮೇತ ಕೊಟ್ಟು, "ಬೆರಳು ಹುಷಾರು ಕಣಮ್ಮ" ಅಂದ್ರು. ಲೈಬ್ರರಿಗೆ ಹೋದೆ. ಲೈಬ್ರರಿ ನೋಡ್ಕೊಳ್ಳೋ ಪ್ರಮೀಳಮ್ಮ ಕಿಟಕಿ ಹತ್ರ ಪ್ರೇಮ ಕಾದಂಬರಿ ಓದ್ತಾ ಕಣ್ಣು ಒರೆಸ್ಕೊಳ್ತಿದ್ರು. ನಾನು ಕಪಾಟಿನ ಹಿಂದೆ ಕೂತು ಕೊನೇ ನಾಲ್ಕು ಹಾಳೆ ನೂಲು ಕಿತ್ತಷ್ಟು ನಾಜೂಕಾಗಿ ಕತ್ತರಿಸ್ದೆ. ಕಣ್ಣು ಅತ್ಲಾಗೆ ತಿರುಗಿಸ್ಕೊಂಡು ಮಡಚಿ ಇಟ್ಕೊಂಡೆ, ಒಂದಕ್ಷರ ಓದಿದ್ರೂ ಬಿಕ್ಕಳಿಕೆ ನಂಗೇ ತಾನೆ. ಪ್ಲಾನು ಇಷ್ಟೇ: ಮೇಷ್ಟ್ರು ಕೊನೇಗೆ ಬಂದು ಗಕ್ಕಂತ ನಿಲ್ಬೇಕು, ಎರಡು ದಿನ ಬಿಕ್ಕಳಿಸ್ಬೇಕು, ಮೂರನೇ ದಿನ ನಾನು ಸ್ಲೋ ಮೋಷನ್‌ನಲ್ಲಿ ಹೋಗಿ ಹಾಳೆ ಕೊಟ್ಟು, "ಮೇಷ್ಟ್ರೇ, ಮಿಠಾಯಿ ತಿಂದೋಳ ಹಲ್ಲು ನೋಡಿದ್ರಾ?" ಅಂತ ನಗ್ಬೇಕು. ಹಾಳೇನ ಕ್ಯಾಂಟೀನಿನ ಬಿಸ್ಕತ್ ಡಬ್ಬದಲ್ಲಿ ಬಚ್ಚಿಟ್ಟೆ.

ಮೂರು ವಾರ ಆಯ್ತು. ಮೇಷ್ಟ್ರು ಆರಾಮಾಗಿ ಓಡಾಡ್ತಿದ್ರು. ಇವರೇನು ದಿನಕ್ಕೆ ಒಂದು ಸಾಲು ಓದ್ತಾರಾ ಅನ್ಕೊಂಡೆ. ಆಮೇಲೆ ಒಂದು ಬುಧವಾರ ಅಪ್ಪ ಗಡ್ಡ ಕೆರ್ಕೊಳ್ತಾ ಬಂದು, "ಚೆಲುವನ ಸಲೂನ್ ಬಾಗಿಲು ಹಾಕಿದೆ ಕಣೇ. ಅವನಿಗೆ ಬಿಕ್ಕಳಿಕೆಯಂತೆ. ಅದ್ಯಾವ್ದೋ ದೋಣಿ ಪುಸ್ತಕದ ಕೊನೇ ಹಾಳೆಗಳೇ ಇಲ್ವಂತೆ" ಅಂದ್ರು. ನನ್ನ ಕೈಲಿದ್ದ ಜಾಲರಿ ಎಣ್ಣೆಗೆ ಬಿತ್ತು.

ಆಗಿದ್ದು ಇಷ್ಟು. ಚೆಲುವಣ್ಣಂಗೆ ಐವತ್ತೆರಡು ವರ್ಷ. ಚಿಕ್ಕಂದಿನಲ್ಲಿ ಸ್ಕೂಲಿಗೆ ಹೋಗ್ಲಿಲ್ಲ, ಮಗಳು ಒಂದನೇ ಕ್ಲಾಸಿಗೆ ಸೇರಿದಾಗ ಅವಳ ಸ್ಲೇಟಿನ ಇನ್ನೊಂದು ಮಗ್ಗುಲಲ್ಲಿ ತಾವೂ ಅ ಆ ಬರೆದೋರು. ಆಮೇಲೆ ಲೈಬ್ರರಿಯ ಮಕ್ಕಳ ಪುಸ್ತಕ ಒಂದೂ ಬಿಡ್ದೆ ಓದಿದ್ರು. ಕತ್ತರಿ ಆಡಿಸ್ತಾ "ಆ ಮೊಲಕ್ಕೆ ಆಮೇಲೆ ಏನಾಯ್ತು ಗೊತ್ತಾ ಸಾರ್?" ಅಂತ ಡಿ.ಸಿ. ಆಫೀಸಿನೋರಿಗೂ ಕಥೆ ಹೇಳ್ತಿದ್ರು. ದಪ್ಪ ಪುಸ್ತಕ ಮುಟ್ಟೋಕೆ ಮಾತ್ರ ಹೆದರಿಕೆ. ಆ ಸೋಮವಾರ ಮೇಷ್ಟ್ರು ಮುಖಕ್ಕೆ ಸೋಪು ಹಚ್ಚಿಸ್ಕೊಂಡು ಕೂತಿದ್ದಾಗ ಧೈರ್ಯ ಮಾಡಿ, "ಮೇಷ್ಟ್ರೇ, ನಾನು ದೊಡ್ಡೋರ ಕಾದಂಬರಿ ಒಂದು ಓದ್ಬಹುದಾ?" ಅಂತ ಕೇಳಿದ್ರಂತೆ. ಕತ್ತಿ ಕತ್ತಿನ ಹತ್ರ ಇದ್ದಿದ್ದಕ್ಕೋ, ನಿಜವಾಗ್ಲೂ ಮನಸ್ಸು ಕರಗಿದ್ದಕ್ಕೋ, ಮೇಷ್ಟ್ರು ತಮ್ಮ ಸರದಿ ಬಿಟ್ಟುಕೊಟ್ಟಿದ್ರು. ಚೆಲುವಣ್ಣ ದಿನಾ ಬೆಳಗ್ಗೆ ಅಂಗಡಿ ತೆಗೆಯೋಕೆ ಮುಂಚೆ ಇಪ್ಪತ್ತು ಪುಟ, ಬೆರಳಿಟ್ಟು ಓದಿದ್ರು. ಜೀವನದ ಮೊದಲನೇ ಕಾದಂಬರಿ. ನಾನೂರ ನಾಲ್ಕನೇ ಪುಟಕ್ಕೆ ಬಂದು ತಿರುವಿದ್ರೆ ರಟ್ಟು.

ನಾನೂರ ನಾಲ್ಕು ಪುಟ, ನಾನೂರ ನಾಲ್ಕು ದಿನ. ಬಿಕ್ಕಳಿಸೋ ಕೈಲಿ ಯಾರ ಕತ್ತಿಗೆ ಕತ್ತಿ ಇಡೋದು? ಒಂದು ವರ್ಷದ ಮೇಲೆ ಒಂದು ತಿಂಗಳು ಸಲೂನು ಬಂದ್. ನಾನು ಕ್ಯಾಂಟೀನಿಗೆ ಓಡಿ ಡಬ್ಬ ತೆಗೆದೆ. ಬಿಸ್ಕತ್ ಇತ್ತು. ಹಾಳೆ ಇಲ್ಲ.

"ಅಪ್ಪಾ, ಇದರಲ್ಲಿ ಕಾಗದ ಇತ್ತಲ್ಲ?"

"ಹೋದ ಭಾನುವಾರ ಪೊಟ್ಟಣದ ಕಾಗದ ಮುಗಿದಿತ್ತು, ಕನ್ನಡಕ ರಿಪೇರಿಗೆ ಕೊಟ್ಟಿದ್ದೆ. ಬಿಳೀ ಕಾಗದ ಅಂತ ನಾಲ್ಕು ಪೊಟ್ಟಣ ಕಟ್ಟಿ ಕೊಟ್ಟೆ. ಯಾಕೆ?"

ಬೇರೆ ಊರಲ್ಲಿ ಇದು ಸಹಜ ಇರ್ಬಹುದು. ನಮ್ಮೂರಲ್ಲಿ ಕಥೆ ಅಚ್ಚಾದ ಕಾಗದದಲ್ಲಿ ಯಾರೂ ಏನೂ ಕಟ್ಟಲ್ಲ, ತಿನ್ನೋನು ಕಣ್ಣಾಡಿಸಿದ್ರೆ ಮುಗೀತು. ಆದ್ರೆ ಅದೇ ನಂಗೆ ದಾರಿ ತೋರಿಸ್ತು. ಹೋದ ಭಾನುವಾರದ ಮ್ಯಾಟಿನಿ ಆದ್ಮೇಲೆ ಕಾರಣ ಇಲ್ದೆ ಎರಡು ದಿನ ಬಿಕ್ಕಳಿಸಿದೋರು ಯಾರು? ಪತ್ತೇದಾರಿ ಹಿನ್ನೆಲೆ ಸಂಗೀತ ನಾನೇ ಬಾಯಲ್ಲಿ ಹಾಕ್ಕೊಂಡು ಊರು ಸುತ್ತಿದೆ. ಬಸ್ ಕಂಡಕ್ಟರ್ ಒಬ್ಬ, "ಹೌದು ಕಣಕ್ಕ, ಪುಸ್ತಕನೇ ಮುಟ್ಟಿಲ್ಲ, ಆದ್ರೂ ಬಂತು" ಅಂದ. ಅವನ ಟಿಕೆಟ್ ಚೀಲದಲ್ಲಿ ಒಂದು ಹಾಳೆ, ಎಣ್ಣೆ ಜಿಡ್ಡು. ಠಾಣೆಯ ಕಾನ್ಸ್‌ಟೇಬಲ್ ಒಬ್ಬರು ಇನ್ನೊಂದನ್ನ ಅನುಮಾನಾಸ್ಪದ ವಸ್ತು ಅಂತ ಬೀರುವಲ್ಲಿ ಇಟ್ಟಿದ್ರು. ಮದುವೆ ಗೊತ್ತಾಗಿದ್ದ ಹುಡುಗಿ ಒಬ್ಬಳು ಮೂರನೇದನ್ನ ದಿಂಬಿನ ಕೆಳಗೆ ಬಚ್ಚಿಟ್ಟಿದ್ಳು, ಬೀಗರಿಗೆ ಗೊತ್ತಾದ್ರೆ ಅಂತ. ಮೂರು ಸಿಕ್ತು. ನಾಲ್ಕನೇದು, ಕೊನೇ ಹಾಳೆ, ಸಿಗಲಿಲ್ಲ. ಸಿಗೋದೂ ಇಲ್ಲ ಅಂತ ಆಗ ಹೊಳೀತು. ಕೊನೇ ಹಾಳೆ ಓದಿದೋರಿಗೆ ಬಿಕ್ಕಳಿಕೆ ಯಾಕೆ ಬರುತ್ತೆ? ಅವರ ಪಾಲಿಗೆ ಪುಸ್ತಕ ಮುಗಿದಿದೆ. ಆರಾಮಾಗಿ ಕಡಲೆಕಾಯಿ ತಿಂದು ಎಸೆದು ಹೋಗಿರ್ತಾರೆ.

ಮೂರು ಹಾಳೇನ ಗೋಂದು ಹಚ್ಚಿ ದಾರೀಲಿ ಬಿದ್ದಿತ್ತು ಅಂತ ಸುಳ್ಳು ಹೇಳಿ ಕೊಟ್ಟೆ. ಚೆಲುವಣ್ಣ ಗಟಗಟ ಓದಿದ್ರು, ನೀರು ಕುಡಿದಂಗೆ. ಮುಗಿದ ತಕ್ಷಣ ಹಿಕ್. ಪ್ರಮೀಳಮ್ಮ ಇನ್ನೊಂದು ಕಾಪಿಗೆ ಪ್ರಕಾಶಕರಿಗೆ ಕಾಗದ ಹಾಕಿದ್ರು, ಆದ್ರೆ ನಮ್ಮೂರಿಗೆ ಟಪಾಲು ಬರೋದು ಪೋಸ್ಟ್‌ಮ್ಯಾನ್‌ಗೆ ದಾರಿ ನೆನಪಾದಾಗ. ಆಗ ಅವರೇ ಒಂದು ಉಪಾಯ ಹೇಳಿದ್ರು. "ನಾವು ಮೂರು ಜನ ಓದಿದೀವಲ್ಲ. ನೆನಪಿಂದ ಕೊನೇ ಹಾಳೆ ಬರೆದು ಕೊಡೋಣ, ಅವನು ಕಣ್ಣಲ್ಲಿ ಓದ್ಲಿ."

ಓದಿದ್ದ ಮೂರು ಜನ ಯಾರು ಅಂದ್ರೆ ಪ್ರಮೀಳಮ್ಮ, ಆಸ್ಪತ್ರೆ ಕಾಂಪೌಂಡರ್ ಗುರುಸಿದ್ದು, ಅಂಗನವಾಡಿ ಮಕ್ಕಳಿಗೆ ಕಥೆ ಓದೋ ಫಿಲೋಮಿನಾ ಮಿಸ್ಸು. ಕಥೆ ಅವರಿಗೆಲ್ಲ ಗೊತ್ತು. ಗೌರಕ್ಕ ಅನ್ನೋಳು ದೋಣಿ ನಡೆಸೋಳು. ಮೂವತ್ತು ವರ್ಷದ ಹಿಂದೆ ತಂಗಿ ಜಗಳ ಆಡಿ ಹೊಳೆ ದಾಟಿ ಹೋದ್ಳು. ಅವತ್ತಿಂದ ಗೌರಕ್ಕಂದು ಒಂದು ಹಟ, ಈ ದಡದಿಂದ ಆ ದಡಕ್ಕೆ ಜನಾನ ಬಿಡ್ತಾಳೆ, ಆ ದಡದಿಂದ ಯಾರು ಕೂಗಿದ್ರೂ ಕರ್ಕೊಂಡು ಬರೋಕೆ ಹೋಗಲ್ಲ. ಕೊನೇಲಿ ಒಂದು ಸಂಜೆ ಆ ಕಡೆಯಿಂದ ಯಾರೋ ಕೂಗ್ತಾರೆ. ಯಾರು?

"ಇನ್ಯಾರು, ಚಿಕ್ಕ ವಯಸ್ಸಲ್ಲಿ ಅವಳನ್ನ ಕೇಳಿದ್ನಲ್ಲ, ಆ ಬಳೆ ಮಾರೋನು. ಕೂದಲು ಬೆಳ್ಳಗಾಗಿರುತ್ತೆ, ಬಳೆ ಪೆಟ್ಟಿಗೆ ಹಂಗೇ ಇರುತ್ತೆ," ಅಂದ್ರು ಪ್ರಮೀಳಮ್ಮ.

"ಏ, ಬಳೆನೂ ಇಲ್ಲ ಗಿಳೆನೂ ಇಲ್ಲ," ಗುರುಸಿದ್ದು ಎದ್ದು ನಿಂತ. "ಅವಳು ತಂಗಿನೇ, ಆದ್ರೆ ಸತ್ತೋಗಿರೋ ತಂಗಿ. ಪಾದ ಹಿಂದುಮುಂದು ಇರುತ್ತೆ. ನಾನೇ ಓದಿದೀನಿ, ಮೂರು ದಿನ ದೀಪ ಆರಿಸ್ಲಿಲ್ಲ."

ಫಿಲೋಮಿನಾ ಮಿಸ್ಸು ಮೆಲ್ಲಗೆ, "ಅದು ಮೇಕೆಮರಿ ಅಲ್ವಾ? ದಡದಲ್ಲಿ ಸಿಕ್ಕಾಕ್ಕೊಂಡಿರೋ ಮೇಕೆಮರಿ. ಜೊತೇಲಿ ಒಂದು ಮಗು. ಮಗು ಕೂಗುತ್ತೆ, ಮೇಕೆ ಕೂಗುತ್ತೆ," ಅಂದ್ರು.

ಮೂರೂ ಜನ ಅದೇ ಕೊನೇ ಹಾಳೆ ಓದಿದೋರು. ಮೂರೂ ಜನ ದೇವರ ಮೇಲೆ ಆಣೆ ಹಾಕಿದ್ರು. ಒಂದೇ ಹಾಳೆ ಓದಿ ಒಬ್ಬೊಬ್ಬರು ಒಂದೊಂದು ಹಾಳೆ ಮನೆಗೆ ತಗೊಂಡು ಹೋಗಿದ್ರು. ಮೂರನ್ನೂ ಬರೆಸಿ ಚೆಲುವಣ್ಣಂಗೆ ಕೊಟ್ವಿ. ಪ್ರಮೀಳಮ್ಮಂದು ಓದಿದಾಗ ಅರ್ಧ ಗಂಟೆ ನಿಂತಿತ್ತು. ಆ ಧೈರ್ಯದಲ್ಲೇ ಬಸ್ ಕಂಡಕ್ಟರ್ ಗಡ್ಡಕ್ಕೆ ಕೈ ಹಾಕಿದ್ರು, ಎಡಗೆನ್ನೆ ಮುಗಿಯೋ ಹೊತ್ತಿಗೆ ಹಿಕ್. ಅವನು ಅವತ್ತಿಂದ ಬಲಗಡೆ ಉದ್ದ, ಎಡಗಡೆ ಗಿಡ್ಡ ಗಡ್ಡ ಇಟ್ಕೊಂಡೇ ಟಿಕೆಟ್ ಹರಿದ. ದೆವ್ವದ್ದು ಓದಿದಾಗ ಬಿಕ್ಕಳಿಕೆ ಜಾಸ್ತಿನೇ ಆಯ್ತು. ಮೇಕೆಮರಿದು ಓದಿದಾಗ ನಕ್ಕರು, ಒಂದು ಸಂಜೆ ಸುಮ್ನಿತ್ತು, ಬೆಳಗ್ಗೆ ಮತ್ತೆ ಶುರು. ಮೇಷ್ಟ್ರೂ ಒಂದು ಬರೆದ್ರು, ಹದಿನೇಳು ಪುಟ, ಅದರಲ್ಲಿ ಹೊಳೆನೇ ಇರಲಿಲ್ಲ.

ಊರು ಕಾಡು ಥರ ಆಗೋಯ್ತು. ಗಂಡಸರೆಲ್ಲ ಗಡ್ಡಧಾರಿಗಳು. ಟಾಕೀಸಿಗೆ ಬರೋ ಜನ ನೋಡಿದ್ರೆ ಪರದೆ ಮೇಲಿರೋ ಡಕಾಯಿತರು ಕೆಳಗಿಳಿದು ಕೂತಂಗಿತ್ತು. ನಾನು ನಗ್ಬೇಕಿತ್ತು. ನಗು ಬರ್ಲಿಲ್ಲ. ಒಂದಿನ ಕಡಲೆಕಾಯಿ ತಗೊಂಡು ಸಲೂನ್ ಹತ್ರ ಹೋದೆ. ಚೆಲುವಣ್ಣ ಗಿರಾಕಿ ಕೂರೋ ಕುರ್ಚೀಲಿ ತಾವೇ ಕೂತಿದ್ರು, ಕನ್ನಡಿಗೆ ಬೆನ್ನು ಹಾಕ್ಕೊಂಡು.

"ಮಕ್ಕಳ ಪುಸ್ತಕ ಒಂದು ತಂದ್ಕೊಡ್ಲಾ ಅಣ್ಣ? ಓದೋವಷ್ಟು ಹೊತ್ತಾದ್ರೂ ನಿಲ್ಲುತ್ತೆ."

"ಬೇಡಮ್ಮ. ಹಿಕ್. ಇನ್ನು ಪುಸ್ತಕದ ಸಹವಾಸವೇ ಬೇಡ."

"ಹಂಗಂದ್ರೆ ಹೆಂಗೆ?"

"ನನ್ನ ಕೈ ಒರಟು ನೀಲಿ. ಕತ್ತಿ ಹಿಡಿದ ಕೈ. ಹಾಳೆ ತಿರುವೋವಾಗ ನಾನೇ ಕಿತ್ತು ಎಲ್ಲೋ ಬೀಳಿಸಿದೀನಿ ಅನ್ಸುತ್ತೆ. ಮೇಷ್ಟ್ರು ನಂಬಿ ಕೊಟ್ರು. ಹಿಕ್. ಚಿಕ್ಕ ಪುಸ್ತಕ ಆಗಿದ್ರೆ ಸರಿ, ದೊಡ್ಡ ಪುಸ್ತಕ ನನ್ನಂಥೋರ ಕೈಗಲ್ಲ. ಇಷ್ಟು ವಯಸ್ಸಾದ್ಮೇಲೆ ಆಸೆ ಪಡ್ಬಾರ್ದಿತ್ತು."

ಸಿನಿಮಾದಲ್ಲಿ ಇಂಥ ಜಾಗದಲ್ಲಿ ಮಳೆ ಬರುತ್ತೆ, ಗುಡುಗುತ್ತೆ. ಇಲ್ಲಿ ಒಂದು ನೊಣ ಸೋಪಿನ ಬಟ್ಟಲ ಮೇಲೆ ಓಡಾಡ್ತಿತ್ತು ಅಷ್ಟೇ. ಸಾವಿರ ಡೈಲಾಗ್ ಗೊತ್ತಿತ್ತು ನಂಗೆ. "ಕೋರ್ಟಲ್ಲಿ ಸಾಕ್ಷಿ ಬದಲಾಗ್ಬಹುದು, ಕನ್ನಡೀಲಿ ಮುಖ ಬದಲಾಗಲ್ಲ" ಅನ್ನೋದು ನಂಗೆ ತುಂಬ ಇಷ್ಟದ್ದು. ಎದುರಿಗೇ ಕನ್ನಡಿ ಇತ್ತು. ಒಂದೂ ಬಾಯಿಗೆ ಬರ್ಲಿಲ್ಲ.

"ನಾನು ಕತ್ತರಿಸಿದ್ದು ಅಣ್ಣ," ಅಂದೆ. "ಮೇಷ್ಟ್ರಿಗೆ ಅಂತ. ನೀವು ಓದ್ತೀರಿ ಅಂತ ಗೊತ್ತಿರ್ಲಿಲ್ಲ."

ಅವರು ನನ್ನನ್ನೇ ನೋಡಿದ್ರು. ಎರಡು ಸಲ ಬಿಕ್ಕಳಿಸಿದ್ರು. "ಯಾವುದರಲ್ಲಿ ಕತ್ತರಿಸ್ದೆ?"

"ನೀವು ಕೊಟ್ಟ ಬ್ಲೇಡಲ್ಲಿ."

ಬೈತಾರೆ ಅನ್ಕೊಂಡೆ, ಹೊಡೀತಾರೆ ಅಂತಾನೂ ಅನ್ಕೊಂಡೆ. ಕೆನ್ನೆ ರೆಡಿ ಇಟ್ಕೊಂಡೆ. ಅವರು ಕೇಳಿದ್ದು ಒಂದೇ, "ಪುಸ್ತಕ ಓದಿದ್ಯಾ ನೀನು?"

"ಇಲ್ಲ."

"ಓದ್ದೇನೇ ಕತ್ತರಿಸಿಬಿಟ್ಯಾ?" ಅವರ ದನಿ ಏರಿದ್ದು ಅಲ್ಲೇ. "ಒಳಗೆ ಯಾರಿದಾರೆ, ಅವರ ಕಷ್ಟ ಏನು, ಏನೂ ತಿಳ್ಕೊಳ್ದೆ? ಅವಳು ನಾನೂರು ಪುಟ ಆ ದಡಕ್ಕೆ ಹೋಗಲ್ಲ ಅಂತ ಕೂತಿದಾಳೆ ಕಣೇ! ಕೊನೇಗೆ ಏನೋ ಆಗೋ ಹೊತ್ತಿಗೆ ನೀನು ಹೋಗಿ..." ಮಾತು ಬಿಕ್ಕಳಿಕೇಲಿ ಮುರೀತು. ಎದ್ದು ಕುರ್ಚಿ ತಿರುಗಿಸಿದ್ರು. "ಕೂತ್ಕೋ. ಓದು. ಮೊದಲನೇ ಪುಟದಿಂದ. ಜೋರಾಗಿ. ನಂಗೂ ಕಾಣೋ ಹಂಗೆ ಹಿಡ್ಕೊ."

"ಅಣ್ಣಾ, ಕೊನೇ ಹಾಳೆ ಇಲ್ಲ. ಓದಿದ್ರೆ ನಂಗೂ..."

"ಗೊತ್ತು. ಅದಕ್ಕೇ."

ಮಾರನೇ ದಿನದಿಂದ ಬೆಳಗ್ಗೆ ಒಂಬತ್ತರಿಂದ ಮ್ಯಾಟಿನಿ ಬೆಲ್ಲು ಹೊಡೆಯೋವರೆಗೆ ನನ್ನ ಶಿಕ್ಷೆ. ನಾನು ಕುರ್ಚೀಲಿ, ಚೆಲುವಣ್ಣ ಹಿಂದೆ ನಿಂತು ನನ್ನ ಭುಜದ ಮೇಲಿಂದ ಪುಟ ನೋಡ್ತಾ. ಓದೋವಷ್ಟು ಹೊತ್ತು ಅವರ ಬಿಕ್ಕಳಿಕೆ ಸುಮ್ನಿರ್ತಿತ್ತು. ಮೊದಲನೇ ದಿನ ನಾನು ಗೌರಕ್ಕಂಗೆ ಖಳನಾಯಕಿ ದನಿ ಕೊಟ್ಟೆ, ತಂಗಿ ಮನೆ ಬಿಟ್ಟು ಹೋಗೋ ಜಾಗದಲ್ಲಿ "ಡಡಡಾಂ" ಅಂದೆ.

"ಡಡಡಾಂ ಅಂತ ಬರೆದಿದ್ಯಾ ಅಲ್ಲಿ?" ಚೆಲುವಣ್ಣ ತಲೆಗೆ ಮೊಟಕಿದ್ರು.

"ಇಲ್ಲ."

"ಏನು ಬರೆದಿದೆ?"

"'ಗೌರಿ ಹಗ್ಗ ಬಿಚ್ಚಲಿಲ್ಲ' ಅಂತ ಬರೆದಿದೆ."

"ಹಂಗೇ ಓದು."

ಹಂಗೇ ಓದಿದೆ. ಟಾಕೀಸಲ್ಲಿ ಇಂಥ ಜಾಗಕ್ಕೆ ಯಾರಾದ್ರೂ ಶಿಳ್ಳೆ ಹೊಡೀತಾರೆ. ಇಲ್ಲಿ ಗೌರಕ್ಕಂಗೆ ಯಾವ ಮುಖ ಇದೆ ಅಂತ ನಂಗೆ ಯಾರೂ ತೋರಿಸ್ಲಿಲ್ಲ, ಆದ್ರೂ ನಂಗೆ ಅವಳ ಮೂಗುಬೊಟ್ಟು ಕೂಡ ಕಾಣ್ತಿತ್ತು. ನಾಲ್ಕನೇ ದಿನಕ್ಕೆ ಗಡ್ಡದ ಗಂಡಸರು ಬಾಗಿಲ ಹತ್ರ ಜಮಾಯಿಸೋಕೆ ಶುರುಮಾಡಿದ್ರು. ಕೇಳಿದ್ರೆ ಬಿಕ್ಕಳಿಕೆ ಇಲ್ಲವಲ್ಲ, ಅದಕ್ಕೆ ಧೈರ್ಯ. ಪ್ರವಾಹ ಬಂದು ಆ ದಡದಲ್ಲಿ ಒಬ್ಬ ಕಾಯಿಲೆ ಮಗುವನ್ನ ಎತ್ತಿ ಹಿಡ್ಕೊಂಡು ಕೂಗ್ತಾನೆ, ಆಗಲೂ ಗೌರಕ್ಕ ಹೋಗಲ್ಲ. ಅಲ್ಲಿ ಬಂದಾಗ ನಂಗೆ ಪುಸ್ತಕ ಎಸೆಯೋಷ್ಟು ಸಿಟ್ಟು ಬಂತು. "ಎಂಥಾ ಹೆಂಗಸಣ್ಣ ಇವಳು!" ಅಂದೆ. ಬಾಗಿಲಿಂದ ಮೇಷ್ಟ್ರ ದನಿ ಬಂತು, "ಮುಂದಿನ ಪುಟ ಓದು ತಾಯಿ, ಬೈಗುಳ ಆಮೇಲೆ." ಮುಂದಿನ ಪುಟದಲ್ಲಿ ಗೌರಕ್ಕ ಒಬ್ಬಳೇ ಕೂತು ಅದೇ ಮಗುಗೆ ಅಂತ ಹೊದಿಕೆ ಹೊಲೀತಿರ್ತಾಳೆ, ಕೊಡೋಕೆ ಹೋಗದ ಹೊದಿಕೆ. ನಂಗೆ ಸಿಟ್ಟು ಎಲ್ಲಿ ಇಡೋದು ಗೊತ್ತಾಗ್ಲಿಲ್ಲ. ಅವತ್ತು ಮ್ಯಾಟಿನಿಗೆ ಪಲ್ಯಕ್ಕೆ ಉಪ್ಪು ಹಾಕೋದು ಮರ್ತೆ, ಅಪ್ಪ ನನ್ನ ಮುಖ ನೋಡಿ ತಾವೇ ಹಾಕಿದ್ರು.

ಹದಿನಾರನೇ ದಿನ ಗೋಂದು ಹಚ್ಚಿದ ಮೂರು ಹಾಳೆಗೆ ಬಂದ್ವಿ. ಕಡಲೆಕಾಯಿ ಎಣ್ಣೆ ಕಲೆ, ಅದರ ಮೇಲೆ ಅಕ್ಷರ. ಸಂಜೆ ಆಗ್ತಿದೆ. ಆ ದಡದಲ್ಲಿ ಯಾರೋ ಕೂಗ್ತಾರೆ. ಯಾರು ಅಂತ ಕಾಣಲ್ಲ. ಗೌರಕ್ಕ ಒಲೆ ಹತ್ರ ಕೂತಿದಾಳೆ. ಇನ್ನೊಂದು ಸಲ ಕೂಗು. ಅವಳು ಅನ್ನದ ಪಾತ್ರೆ ಇಳಿಸ್ತಾಳೆ, ಮುಚ್ಚಳ ಮುಚ್ತಾಳೆ. ಮೂರನೇ ಕೂಗಿಗೆ ಎದ್ದು ಸೆರಗು ಸಿಕ್ಕಿಸ್ಕೊಂಡು ಹೊಳೆಗೆ ಇಳೀತಾಳೆ. ನಾನೂರ ಹತ್ತನೇ ಪುಟದ ಕೊನೇ ಸಾಲು: ಹಗ್ಗ ಬಿಚ್ಚಿದಳು.

"ಬಿಚ್ಚಿದ್ಳು!" ನಾನು ಕುರ್ಚಿ ಮೇಲೆ ಎದ್ದು ನಿಂತುಬಿಟ್ಟೆ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. "ಅಣ್ಣಾ, ಬಿಚ್ಚಿದ್ಳು! ಆ ಕಡೆ ಯಾರು? ತಂಗಿನಾ? ಆ ಮಗುನಾ? ಅಯ್ಯೋ, ಯಾರಣ್ಣ?"

ಚೆಲುವಣ್ಣ ಪುಟದ ಮೇಲೆ ಬೆರಳಿಟ್ಟು ಆ ಎರಡು ಪದನ ಇನ್ನೊಂದು ಸಲ ಓದಿದ್ರು, ತುಟಿ ಅಲ್ಲಾಡಿಸ್ಕೊಂಡು. ಆಮೇಲೆ ಪುಸ್ತಕ ನನ್ನ ಕೈಯಿಂದ ತಗೊಂಡು ಮುಚ್ಚಿದ್ರು.

"ಯಾರಾದ್ರೆ ಏನು," ಅಂದ್ರು. "ಅವಳು ಹೊರಟ್ಳಲ್ಲ. ಹೋದ ಸಲ ಇದನ್ನ ಔಷಧಿ ಥರ ಓದಿದ್ದೆ, ಕಹಿ ಅಂತ ಗಟಗಟ ಕುಡಿದುಬಿಟ್ಟಿದ್ದೆ. ಕಣ್ಣಿಗೇ ಬಿದ್ದಿರ್ಲಿಲ್ಲ. ನಂಗೆ ಬೇಕಾಗಿದ್ದು ಇಷ್ಟೇ ಕಣಮ್ಮ. ಮುಗೀತು."

ಬಾಗಿಲಲ್ಲಿದ್ದ ಎಲ್ಲಾ ಗಡ್ಡಗಳೂ ಕಾದವು. ಒಂದು ನಿಮಿಷ. ಐದು ನಿಮಿಷ. ಪುಸ್ತಕ ಮುಚ್ಚಿದೆ, ಯಾರೂ ಏನೂ ಓದ್ತಿಲ್ಲ, ಚೆಲುವಣ್ಣನ ಎದೆ ಹೊಳೆ ಥರ ಸುಮ್ನಿದೆ. "ಮುಗೀತು ಅಂತ ಬಾಯಲ್ಲಿ ಅಂದ್ರೆ ನಿಲ್ಲಲ್ಲಯ್ಯ, ನಾನೇ ನೂರು ಸಲ ಅಂದು ನೋಡಿದೀನಿ," ಅಂದ್ರು ಮೇಷ್ಟ್ರು, ಪಿಸುಮಾತಲ್ಲಿ. ಹತ್ತು ನಿಮಿಷ ಆಯ್ತು. ಚೆಲುವಣ್ಣ ಬಿಸಿನೀರು ತಂದ್ರು, ಕತ್ತಿ ಮಸೆದ್ರು, ನನ್ನನ್ನ ಕುರ್ಚಿಯಿಂದ ಎಬ್ಬಿಸಿ, "ಬನ್ನಿ ಮೇಷ್ಟ್ರೇ" ಅಂದ್ರು. ಮೇಷ್ಟ್ರು ಕಂಡಕ್ಟರ್‌ನ ಬಲಗೆನ್ನೆ ನೋಡಿದ್ರು, ದೇವರ ಫೋಟೋ ನೋಡಿದ್ರು, ಕೂತ್ರು. ಕಣ್ಣು ಬಿಗಿಯಾಗಿ ಮುಚ್ಕೊಂಡ್ರು. ಕತ್ತಿ ಗಂಟಲ ಮೇಲೆ ಇಳೀತು, ಒಂದೇ ಎಳೆತ, ನೊರೆ ಬಿಟ್ರೆ ಏನೂ ಬೀಳ್ಲಿಲ್ಲ. ಸಂಜೆ ಒಳಗೆ ನಲವತ್ತು ಗಡ್ಡ ಹೋಯ್ತು. ಹೆಂಗಸರಿಗೆ ತಮ್ಮ ಗಂಡಂದಿರ ಗುರುತು ಹಿಡಿಯೋಕೆ ಸ್ವಲ್ಪ ಹೊತ್ತು ಬೇಕಾಯ್ತು.

ಒಂದು ದಿನ ಬಿಟ್ಟು ಬೆಳಗ್ಗೆ ಹಲ್ಲುಜ್ಜೋವಾಗ ನಂಗೆ ಶುರುವಾಯ್ತು. ಚೆಲುವಣ್ಣಂಗೆ ಮುಗಿದ ಪುಸ್ತಕ ನಂಗೆ ಮುಗಿದಿರ್ಲಿಲ್ಲ. ಆ ದಡದಲ್ಲಿ ಯಾರು ಅಂತ ನಂಗೆ ಗೊತ್ತಾಗ್ಲೇಬೇಕು. ನಾನೂ "ಸಾಕು" ಅಂದೆ, "ಮುಗೀತು" ಅಂದೆ, ದೇವರ ಮುಂದೆ ನಿಂತು ಅಂದೆ. ಹಿಕ್. ನಾನೂರ ಹತ್ತು ದಿನ. ಅಪ್ಪ ಟಾಕೀಸಿನ ಒಳಗೆ ಬಿಡಲ್ಲ ಅಂದ್ರು, ಹೀರೋ ಪ್ರಾಣ ಬಿಡೋ ಜಾಗದಲ್ಲಿ ನಾನು ಬಿಕ್ಕಳಿಸಿ ಜನ ನಕ್ಕುಬಿಟ್ರು. ಬೇರೆ ದಾರಿ ಇಲ್ದೆ ಲೈಬ್ರರೀಲಿ ಕೂತೆ. ಓದ್ತಾ ಇದ್ರೆ ತಾನೆ ಸುಮ್ನಿರೋದು. ಮೊದಲು ಆನೆ, ಇರುವೆ, ಮೊಲ ಎಲ್ಲ ಮುಗಿಸಿದೆ, ಒಂದು ಗುಬ್ಬಚ್ಚಿ ಕಥೆಗೆ ಅತ್ತೆ. ಗುರುಸಿದ್ದು ಕೊಟ್ಟ ದೆವ್ವದ ಕಥೆ ಓದಿ ಅವನ ಕೈಯನ್ನೇ ಹಿಡ್ಕೊಂಡು ಕೂತೆ. ಪ್ರಮೀಳಮ್ಮನ ಪ್ರೇಮ ಕಾದಂಬರೀಲಿ ಇಬ್ಬರೂ ಒಂದೇ ಬಸ್ ಸ್ಟಾಪಲ್ಲಿ ಆರು ವರ್ಷ ಮಾತಾಡ್ದೆ ನಿಲ್ತಾರೆ, ಕೂಗಿ ಕರೆಯೋಣ ಅನ್ಸ್ತು. ಪತ್ತೇದಾರಿ ಓದಿದ ದಿನ ನಮ್ಮನೇಲೂ ಅನ್ನ ತಳ ಹಿಡೀತು.

ಚೆಲುವಣ್ಣ ಮಾತ್ರ ಲೈಬ್ರರಿ ಕಡೆ ತಲೆ ಹಾಕ್ಲಿಲ್ಲ. ಒಂದು ವಾರ, ಎರಡು ವಾರ. ಬಾಗಿಲ ಸದ್ದಾದಾಗೆಲ್ಲ ನಾನು ತಲೆ ಎತ್ತಿ ನೋಡ್ತಿದ್ದೆ. ಅವರ ಬಿಕ್ಕಳಿಕೆ ನಿಂತ್ರೂ ಅವರಾಡಿದ ಆ ಮಾತು ನಿಂತಿರ್ಲಿಲ್ಲ ನನ್ನೊಳಗೆ, ದೊಡ್ಡ ಪುಸ್ತಕ ನನ್ನಂಥೋರ ಕೈಗಲ್ಲ ಅಂದಿದ್ದು. ಹೋಗಿ ಕರೆಯೋಕೆ ನಂಗೆ ಮುಖ ಇರ್ಲಿಲ್ಲ.

ಮೂರನೇ ವಾರದ ಗುರುವಾರ ಬಂದ್ರು. ಕೈ ತೊಳ್ಕೊಂಡು, ಒರೆಸ್ಕೊಂಡು, ಕಪಾಟಿನ ಮುಂದೆ ಬಹಳ ಹೊತ್ತು ನಿಂತ್ರು. ಮಕ್ಕಳ ಪುಸ್ತಕದ ಸಾಲು ದಾಟಿದ್ರು. ತೆಳ್ಳಗಿನ ಕಾದಂಬರಿ ಸಾಲೂ ದಾಟಿದ್ರು. ಮೇಲಿನ ಹಲಗೆಯಿಂದ ಇಟ್ಟಿಗೆ ಥರದ್ದು ಒಂದನ್ನ ಇಳಿಸಿದ್ರು. ಪ್ರಮೀಳಮ್ಮ ಸಹಿ ಹಾಕೋಕೆ ಪೆನ್ನು ಕೊಟ್ರೆ ತಗೊಳ್ಳಲಿಲ್ಲ. ಸೀದಾ ನನ್ನ ಮೇಜಿಗೆ ಬಂದು ಪುಸ್ತಕ ಧಡ್ ಅಂತ ಇಟ್ರು.

"ಎಣಿಸು," ಅಂದ್ರು.

"ಏನನ್ನ?"

"ಹಾಳೆನ. ಮೊದಲಿಂದ ಕೊನೇವರೆಗೆ, ಒಂದೂ ಬಿಡ್ದೆ. ಎಲ್ಲಾ ಇದೆ ಅಂತ ನೀನು ಹೇಳಿದ್ಮೇಲೆ ನಾನು ಸಹಿ ಹಾಕೋದು."

ಪ್ರಮೀಳಮ್ಮ ಸೆರಗು ಬಾಯಿಗೆ ಅಡ್ಡ ಇಟ್ಕೊಂಡ್ರು. ನಾನು ಪುಸ್ತಕ ತೆಗೆದು ಶುರುಮಾಡಿದೆ. "ಒಂದು. ಹಿಕ್. ಎರಡು. ಹಿಕ್. ಮೂರು." ಚೆಲುವಣ್ಣ ಎದುರಿಗೆ ಸ್ಟೂಲ್ ಹಾಕ್ಕೊಂಡು ಕೈ ಕಟ್ಟಿ ಕೂತ್ರು. ನಾಲ್ಕನೇ ಹಾಳೇಲಿ ಒಬ್ಬ ಮುದುಕ ಕುದುರೆ ಗಾಡಿ ನಿಲ್ಲಿಸಿ, ಖಾಲಿ ಮನೆ ಬಾಗಿಲು ತಟ್ಟಿ, ಒಳಗಿನಿಂದ "ಬಂದೆ" ಅಂತ ದನಿ ಬಂದಿದ್ದು ಕೇಳಿ ಬೆಚ್ಚಿಬಿದ್ದ. ಐದನೇ ಹಾಳೆ ತಿರುವಿದೆ. ಆರನೇದೂ ತಿರುವಿದೆ.

"ಏನೇ, ಸದ್ದೇ ಇಲ್ಲ? ಎಷ್ಟಾಯ್ತು?"

"ಷ್, ಒಂದ್ನಿಮಿಷ ಅಣ್ಣ."

"ಬಿಕ್ಕಳಿಕೇನೂ ಇಲ್ಲ..." ಅವರು ಬಗ್ಗಿ ನನ್ನ ಕಣ್ಣು ನೋಡಿದ್ರು. "ಲೇ, ಎಣಿಸು ಅಂದ್ರೆ ಓದ್ತಾ ಕೂತಿದ್ಯಾ!"

"ಅಣ್ಣಾ, ಒಳಗೆ ಯಾರೋ ಇದಾರೆ. ಈಗ ಬಿಟ್ರೆ ಇನ್ನೂ ಹನ್ನೆರಡು ದಿನ ಸೇರ್ಕೊಳ್ಳುತ್ತೆ ನಂಗೆ."

"ಸೇರ್ಲಿ," ಅಂತ ಚೆಲುವಣ್ಣ ಪುಸ್ತಕ ಕಿತ್ಕೊಂಡು, ಸಹಿ ಹಾಕಿ, ಬಾಗಿಲು ದಾಟೋಕೆ ಮುಂಚೆನೇ ಮೊದಲನೇ ಪುಟದ ಮೇಲೆ ಬೆರಳಿಟ್ಟಿದ್ರು.